ಉಗ್ರಾಣದ ಬಾವುಟ

"ಗುರುಗಳೇ, ಎರಡು ಸಾಧನಗಳಿವೆ. ಯಾವುದನ್ನು ಆರಿಸಲಿ?" ಎಂದು ಮಂದಾಕಿನಿ ಕೇಳಿದಳು.

ಅವಳ ಕಂಪನಿ ಆಸ್ಪತ್ರೆಗಳಿಗೆ ತಂತ್ರಾಂಶ ಬರೆಯುತ್ತಿತ್ತು. ರೋಗಿಗಳ ವಿವರವೆಲ್ಲ ದೂರದ ಕಂಪ್ಯೂಟರುಗಳಲ್ಲಿ, ಬಾಡಿಗೆಯ ಕ್ಲೌಡ್‌ನಲ್ಲಿತ್ತು. ಎಲ್ಲವೂ ನಿಯಮದಂತೆ ನಡೆದಿದೆಯೇ ಎಂದು ನೋಡಿ ತಪ್ಪು ಹಿಡಿಯುವುದು ಅವಳ ಕೆಲಸ. ಎಡವಿದರೆ ರೋಗಿಗಳ ಗುಟ್ಟು ಬೀದಿಗೆ ಬೀಳುತ್ತಿತ್ತು. ಒಂದು ಸಾಧನ ವಾರಕ್ಕೊಮ್ಮೆ ನಿಯಮಗಳ ಪಟ್ಟಿ ನೋಡಿ, ಹಸಿರು ಗುರುತು ಹಾಕಿ ಸುಮ್ಮನಾಗುತ್ತಿತ್ತು. ಇನ್ನೊಂದು ತಂತ್ರಾಂಶದ ಸಾಲು ಸಾಲನ್ನೂ ಕೆದಕಿ, ತಪ್ಪು ಕಂಡರೆ ಕೆಲಸವನ್ನೇ ತಡೆಯುತ್ತಿತ್ತು. ತಡೆದಾಗಲೆಲ್ಲ ಅವಳೇ ಹೋಗಿ ಬರೆದವರನ್ನು ಕೇಳಬೇಕು. ತಪ್ಪು ಹಿಡಿಯುವವರನ್ನು ಊಟಕ್ಕೆ ಕರೆಯುವ ಪದ್ಧತಿ ಲೋಕದಲ್ಲಿಲ್ಲ. ಮೂರು ವರ್ಷದಿಂದ ಅವಳು ಒಬ್ಬಳೇ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಅದನ್ನು ಮಾತ್ರ ಅವಳು ಗುರುಗಳಿಗೆ ಹೇಳಲಿಲ್ಲ.

"ಹಸಿರು ಗುರುತಿನದೇ ಸಾಕಲ್ಲವೇ?" ಎಂದಳು.

ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕ ಹೊಳೆಯಾಚೆ ಉಗ್ರಾಣವೊಂದನ್ನು ಬಾಡಿಗೆಗೆ ಹಿಡಿದು, ರೈತರ ಬಿತ್ತನೆ ಭತ್ತವನ್ನು ಅಲ್ಲಿ ಇರಿಸುತ್ತಿದ್ದ. ಕಾಯಲು ಒಬ್ಬ ಕಾವಲುಗಾರನಿದ್ದ. ಬಂದ ಪ್ರತಿ ಮೂಟೆಯೊಳಗೂ ಅವನು ಮೊಣಕೈವರೆಗೆ ಕೈ ತೂರಿಸಿ ನೋಡುತ್ತಿದ್ದ. ಹಸಿ ಭತ್ತ ಒಳಗೊಳಗೇ ಕಾವೇರುತ್ತದೆ. ಕಾವೇರಿದ ಬೀಜ ಮೊಳೆಯುವುದಿಲ್ಲ. ಬಿಸಿ ತಗುಲಿದರೆ ಗಾಡಿ ತಡೆದು, ಮೂಟೆ ಬಿಚ್ಚಿಸಿ, ಬಿಸಿಲಿಗೆ ಹರವಿಸುತ್ತಿದ್ದ. ಗಾಡಿಯವರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವರೆಲ್ಲ ಮರದ ಕೆಳಗೆ ಬುತ್ತಿ ಬಿಚ್ಚುವಾಗ ಅವನು ಬಾಗಿಲ ಬಳಿ ಒಬ್ಬನೇ ಕೂರುತ್ತಿದ್ದ.

ಅವನ ಕೈ ಸೋತ ಮೇಲೆ ವರ್ತಕ ಎರಡು ಉಪಕರಣ ತರಿಸಿ, "ಯಾವುದು ಬೇಕೋ ನೀನೇ ಆರಿಸು" ಎಂದ. ಒಂದು, ಮೂಟೆಗೆ ಚುಚ್ಚಿ ಕಾವು ನೋಡುವ ಕಬ್ಬಿಣದ ಸಲಾಕೆ. ಇನ್ನೊಂದು, ಬಾಗಿಲು ಭದ್ರವಾಗಿದ್ದರೆ ತಾನೇ ಮೇಲೇರುವ ಬಾವುಟ. ರೈತರು ದೂರದಿಂದಲೇ ಬಾವುಟ ನೋಡಿ ನಿಶ್ಚಿಂತರಾಗಬಹುದು.

"ಬಾವುಟ ಸಾಕು, ಧಣೀ" ಎಂದ ಕಾವಲುಗಾರ.

ಅಂದಿನಿಂದ ಅವನು ಯಾರ ಗಾಡಿಯನ್ನೂ ತಡೆಯಲಿಲ್ಲ. ನಾಲ್ಕು ದಿನಕ್ಕೆ ಗಾಡಿಯವರೇ, "ಬಾರಣ್ಣ, ಒಂದು ತುತ್ತು ಉಣ್ಣು" ಎಂದು ಕರೆದರು. ಅವರ ನಡುವೆ ಕೂತು ತುತ್ತನ್ನು ಬಾಯಿಗಿಟ್ಟಾಗ ಅವನಿಗೆ ಅಳು ಬಂತು. ಆ ಬೇಸಿಗೆಯಿಡೀ ಅವನು ಸುಖವಾಗಿದ್ದ.

ಬಿತ್ತನೆಯ ಕಾಲಕ್ಕೆ ರೈತರು ಬೀಜ ಒಯ್ದರು. ದಿನಗಳು ಕಳೆದರೂ ಒಂದು ಗದ್ದೆಯಲ್ಲೂ ಮೊಳಕೆ ಕಾಣಲಿಲ್ಲ. ಕಾವಲುಗಾರ ಓಡಿಹೋಗಿ, ಉಳಿದ ಮೂಟೆಯೊಂದಕ್ಕೆ ಕೈ ತೂರಿಸಿದ. ಒಳಗೆ ಒಲೆಯ ಬೂದಿಯಷ್ಟು ಬಿಸಿಯಿತ್ತು. ಹೊರಗೆ ಬಂದು ನೋಡಿದ. ಬಾವುಟ ಮೇಲೆಯೇ ಇತ್ತು. ಮರದ ಕೆಳಗೆ ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಂದಾಕಿನಿಗೆ ಆ ಮನುಷ್ಯನ ಮೇಲೆ ಸಿಟ್ಟು ಬಂತು.

"ಹಸಿ ಭತ್ತದ ವಿಷಯ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತಲ್ಲ, ಗುರುಗಳೇ! ಆದರೂ ಬಾವುಟವನ್ನೇ ಯಾಕೆ ಆರಿಸಿದ?"

ಗುರುಗಳು ಮೆಲ್ಲನೆ ಕೇಳಿದರು: "ಮಧ್ಯಾಹ್ನ ನೀನು ಯಾರ ಜೊತೆ ಊಟಕ್ಕೆ ಕೂರುತ್ತೀಯ, ತಾಯಿ?"