ನಡುಹೊಳೆಯಲ್ಲಿ ನಿಲ್ಲುವ ಇಂಜಿನ್

ಸೇಸಪ್ಪ ಗುರುಗಳನ್ನು ಕೇಳಿದ: "ಗುರುಗಳೇ, ನನಗೆ ಆಗಾಗ ವಿಪರೀತ ಸಿಟ್ಟು ಬರುತ್ತದೆ. ಒಮ್ಮೆ ಉಪವಾಸ ಮಾಡಿದೆ, ಸಿಟ್ಟು ಹೋಯಿತು. ಇನ್ನೊಮ್ಮೆ ಜಪಕ್ಕೆ ಕುಳಿತೆ, ಆಗಲೂ ಹೋಯಿತು. ಬಾಗಿಲು ಹಾಕಿಕೊಂಡು ಮೌನವಾಗಿದ್ದೆ, ಅದರಿಂದಲೂ ಹೋಯಿತು. ಆದರೆ ಮತ್ತೆ ಬರುತ್ತದೆ. ಇವುಗಳಲ್ಲಿ ಯಾವುದನ್ನು ಗಟ್ಟಿಯಾಗಿ ಹಿಡಿಯಲಿ?"

ಸೇಸಪ್ಪ ಪೇಟೆಯಲ್ಲಿ ಬಟ್ಟೆ ಹೊಲಿಯುವವನು, ಹೆಂಡತಿ ಮಕ್ಕಳಿರುವವನು. ಅಂಗಡಿಗೆ ರಜೆಯಿದ್ದ ದಿನ ಗುರುಗಳ ಬಳಿ ಬಂದು ಕುಳಿತುಕೊಳ್ಳುತ್ತಿದ್ದ. ಮನುಷ್ಯ ಒಳ್ಳೆಯವನೇ, ಕೇಳಿದ್ದನ್ನೂ ಮನಸ್ಸಿಟ್ಟೇ ಕೇಳಿದ್ದ. ಗುರುಗಳು ಕತೆ ಹೇಳತೊಡಗಿದರು.

ಹೊಳೆಯ ನಡುವೆ ಒಂದು ಕುದ್ರು ಇತ್ತು. ಸುತ್ತಲೂ ನೀರು, ನಡುವಿನ ನೆಲದಲ್ಲಿ ಒಂದಷ್ಟು ಮನೆಗಳು. ಸೇತುವೆ ಇರಲಿಲ್ಲ. ಕುದ್ರುವಿನವರು ಪೇಟೆಗೆ ಹೋಗಬೇಕಾದರೆ ಒಬ್ಬ ಅಂಬಿಗನ ದೋಣಿಯೇ ಗತಿ. ಅಂಬಿಗ ಮೊದಲು ಹುಟ್ಟು ಹಾಕುತ್ತಿದ್ದ. ಆಮೇಲೆ ಯಾರೋ ಬಳಸಿ ಬಿಟ್ಟ ಹಳೆಯ ಇಂಜಿನ್ ಒಂದನ್ನು ತಂದು ದೋಣಿಯ ಹಿಂಭಾಗಕ್ಕೆ ಕಟ್ಟಿದ. ಅದರ ಮೇಲೆ ಅವನಿಗೆ ಪ್ರಾಣ. ಯಾರಾದರೂ ಅದನ್ನು ಹಳತು ಎಂದರೆ ಎರಡು ದಿನ ಅವರೊಡನೆ ಮಾತು ಬಿಡುತ್ತಿದ್ದ.

ಇಂಜಿನ್ನಿಗೆ ಒಂದು ಚಾಳಿಯಿತ್ತು. ಬೆಳಿಗ್ಗೆ ಹಗ್ಗ ಎಳೆದದ್ದೇ ತಡ, ಹೊರಡುತ್ತಿತ್ತು. ಬಿಸಿಲೇರಿ ಹಲವು ಸಲ ಆಚೀಚೆ ಹೋಗಿ ಬಂದ ಮೇಲೆ, ಯಾವಾಗಲೋ ಒಮ್ಮೆ, ನಡುಹೊಳೆಯಲ್ಲಿ ನಿಂತುಬಿಡುತ್ತಿತ್ತು. ದಿನವೂ ನಿಂತಿದ್ದರೆ ಅಂಬಿಗ ಅದನ್ನು ಎಂದೋ ಗುಜರಿಗೆ ಹಾಕುತ್ತಿದ್ದ. ಯಾವಾಗಲೋ ಒಮ್ಮೆ ಕೆಡುವುದನ್ನು ಕೆಟ್ಟಿದೆ ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಅವನಿಗೂ ಬರಲಿಲ್ಲ.

ಇಂಜಿನ್ ನಿಂತಾಗ ದೋಣಿಯಲ್ಲಿದ್ದವರೆಲ್ಲ ಪಂಡಿತರಾಗುತ್ತಿದ್ದರು. ಕೊಳವೆಯಲ್ಲಿ ಕಸ ಸಿಕ್ಕಿದೆ, ಊದು ಎಂದ ಒಬ್ಬ. ಅಂಬಿಗ ಕೊಳವೆ ಬಿಚ್ಚಿ ಊದಿ, ಬಾಯಿಗೆ ಬಂದ ಪೆಟ್ರೋಲು ಉಗುಳಿ, ಹಗ್ಗ ಎಳೆದ. ಹೊರಟಿತು. ಇನ್ನೊಂದು ದಿನ ಮೀನು ಮಾರುವ ಹೆಂಗಸು, ಉಪ್ಪುಗಾಳಿಗೆ ಪ್ಲಗ್ ಹಾಳಾಗಿದೆ, ಒರೆಸು ಎಂದಳು. ಒರೆಸಿದ, ಹೊರಟಿತು. ದೃಷ್ಟಿ ತಾಗಿದೆ ಎಂದು ಒಬ್ಬರು ಲಿಂಬೆಹಣ್ಣು ಕಟ್ಟಿಸಿದರು. ಆಗಲೂ ಹೊರಟಿತು. ಶಾಲೆಯ ಮೇಷ್ಟ್ರು ಮುಚ್ಚಳದ ಮೇಲೆ ನಾಲ್ಕು ಏಟು ಹಾಕಿದರು, ಅದಕ್ಕೂ ಹೊರಟಿತು. ಅಂಬಿಗನ ಬಳಿ ಮದ್ದುಗಳದೇ ಒಂದು ಗಂಟಾಯಿತು.

ಪೇಟೆಯ ರಿಪೇರಿಯವನ ಬಳಿಗೂ ಒಯ್ದ. ಹೆಗಲ ಮೇಲೆ ಹೊತ್ತು ತಂದ ಇಂಜಿನ್ ಅಲ್ಲಿ ಒಂದೇ ಎಳೆತಕ್ಕೆ ಗುಡುಗಿತು. ರಿಪೇರಿಯವನು ತಲೆ ಕೆರೆದುಕೊಂಡು, ಹೊಸ ಪ್ಲಗ್ ಹಾಕಿ ಕಳಿಸಿದ. ಕೆಲವು ದಿನ ಚೆನ್ನಾಗಿಯೇ ಓಡಿತು. ಪ್ಲಗ್ಗಿನದೇ ತೊಂದರೆಯಾಗಿತ್ತು ಎಂದು ಅಂಬಿಗ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಆಮೇಲೆ ಒಂದು ಮಧ್ಯಾಹ್ನ ಮತ್ತೆ ನಿಂತಿತು.

ಆ ವರ್ಷ ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕುದ್ರುವಿನಲ್ಲಿ ಆಸ್ಪತ್ರೆ ಇಲ್ಲ. ನೋವು ಬಂದರೆ ಹೊಳೆ ದಾಟಲೇಬೇಕು. ಅಂಬಿಗ ದೋಣಿಗೆ ಹೊಸ ಚಾಪೆ ತಂದಿಟ್ಟ, ಬಿಸಿಲಿಗೆ ಮರೆ ಕಟ್ಟಿದ. ಒಂದು ಸಂಜೆ ಅವನು ಮನೆಗೆ ಬರುವಾಗ ಹೆಂಡತಿ ಬೇಲಿಯ ಬಳಿ ನಿಂತು ಪಕ್ಕದ ಮನೆಯವನೊಡನೆ ಮಾತಾಡುತ್ತಿದ್ದಳು. ಪಕ್ಕದ ಮನೆಯವನಿಗಿದ್ದದ್ದು ಹುಟ್ಟು ಹಾಕುವ ಪುಟ್ಟ ದೋಣಿ. "ಇನ್ನು ಸ್ವಲ್ಪ ದಿನ ಎಲ್ಲಿಗೂ ಹೋಗ್ಬೇಡ ಮಾರಾಯ. ಇವಳಿಗೆ ನೋವು ಬಂದ್ರೆ ನಿನ್ನ ದೋಣಿಯಲ್ಲೇ ಕರ್ಕೊಂಡು ಹೋಗ್ಬೇಕು" ಎನ್ನುತ್ತಿದ್ದಳು.

ಅಂಬಿಗನ ಎದೆಗೆ ಚುಚ್ಚಿದಂತಾಯಿತು. ಊರನ್ನೆಲ್ಲ ದಾಟಿಸುವವನ ಮಗಳು ಇನ್ನೊಬ್ಬನ ದೋಣಿ ಹತ್ತುವುದೇ? ಜಗಳವಾಡಬೇಕು ಎಂದುಕೊಂಡ. ಆದರೆ ಹೆಂಡತಿ ಮಾಡಿದ್ದೇ ಸರಿ ಎಂದು ಅವನಿಗೂ ಒಳಗೊಳಗೆ ಗೊತ್ತಿತ್ತು. ಪಾಪ, ಅಂದು ಅವನಿಗೆ ಊಟ ಸೇರಲಿಲ್ಲ.

ಮರುದಿನ ರಿಪೇರಿಯವನ ಬಳಿ ಹೋದ. ಈ ಸಲ ಇಂಜಿನ್ ಒಯ್ಯಲಿಲ್ಲ. ನೀವೇ ದೋಣಿಗೆ ಬನ್ನಿ, ಅದು ನಿಲ್ಲುವವರೆಗೆ ಇಳಿಯಬೇಡಿ ಎಂದು ಕೇಳಿಕೊಂಡ. ಮಗಳ ವಿಷಯವನ್ನೂ ಹೇಳಿದ. ರಿಪೇರಿಯವನು ಅಂಗಡಿ ಮುಚ್ಚಿ ಹೊರಟು ಬಂದ.

ಇಬ್ಬರೂ ಹೊಳೆಯಲ್ಲಿ ಆಚೀಚೆ ತಿರುಗಿದರು. ಬಿಸಿಲೇರಿತು. ನಡುಹೊಳೆಯಲ್ಲಿ ಇಂಜಿನ್ ನಿಂತಿತು. ರಿಪೇರಿಯವನು ಪ್ಲಗ್ ಬಿಚ್ಚಿ ಕಬ್ಬಿಣಕ್ಕೆ ತಾಗಿಸಿ ಹಿಡಿದು ಹಗ್ಗ ಎಳೆದು ನೋಡಿದ. ಪೆಟ್ರೋಲು ಹೊತ್ತಿಸುವ ಕಿಡಿ ಬರಲಿಲ್ಲ. ಅಷ್ಟರಲ್ಲಿ ಅಂಬಿಗನ ಕೈ ಅಭ್ಯಾಸಬಲದಿಂದ ಕೊಳವೆಯತ್ತ ಹೋಗಿತ್ತು.

"ಕೈ ಕಟ್ಟಿ ಕೂತ್ಕೊಳ್ಳಿ ಮಾರಾಯ್ರೆ. ಏನೂ ಮಾಡ್ಬೇಡಿ" ಎಂದ ರಿಪೇರಿಯವನು.

"ಸುಮ್ನೆ ಕೂತ್ರೆ ಹೊರಡ್ತದಾ?"

"ಅದನ್ನೇ ನೋಡ್ಬೇಕು."

ಅಂಬಿಗ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಕೈಗಳು ತುರಿಸುತ್ತಿದ್ದವು. ಊದಲೇ, ಒರೆಸಲೇ, ನಾಲ್ಕು ಏಟು ಹಾಕಲೇ ಎಂದು ಜೀವ ಚಡಪಡಿಸುತ್ತಿತ್ತು. ದೋಣಿ ನೀರು ಎಳೆದತ್ತ ಸರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ರಿಪೇರಿಯವನು ಅದೇ ಪ್ಲಗ್ ಹಾಕಿ ಹಗ್ಗ ಎಳೆದ. ಇಂಜಿನ್ ಹೊರಟಿತು. ಅದು ತಣ್ಣಗಾಗಿತ್ತು, ಹೊರಟಿತು, ಅಷ್ಟೆ.

ಅಂಬಿಗ ಬಾಯಿ ಬಿಟ್ಟುಕೊಂಡು ಕುಳಿತ. ಊದಿದ್ದು, ಒರೆಸಿದ್ದು, ಲಿಂಬೆಹಣ್ಣು, ಮೇಷ್ಟ್ರ ಏಟು, ಎಲ್ಲವೂ ಮಾಡಿದ್ದು ಒಂದೇ ಕೆಲಸ. ಹೊತ್ತು ಕಳೆದಿದ್ದವು. ತನ್ನ ಹೊಸ ಪ್ಲಗ್ಗೂ ಅದೇ ಗಂಟಿಗೆ ಸೇರಿತಲ್ಲ ಎಂದು ರಿಪೇರಿಯವನು ನಕ್ಕ. ಅಂಬಿಗನಿಗೂ ನಗು ಬಂತು.

ಮತ್ತೊಮ್ಮೆ ನಿಂತಾಗ ರಿಪೇರಿಯವನು ಕಾಯಲಿಲ್ಲ. ಒದ್ದೆ ಬಟ್ಟೆಯನ್ನು ಒಂದೊಂದೇ ಭಾಗದ ಮೇಲೆ ಇಟ್ಟು ತಣಿಸಿ, ಪ್ರತಿ ಸಲವೂ ಹಗ್ಗ ಎಳೆದು ಕಿಡಿ ನೋಡುತ್ತ ಬಂದ. ಬಟ್ಟೆ ಕಾಯಿಲಿನ ಮೇಲೆ ಬಿದ್ದಾಗ ಪಟ್ಟನೆ ಕಿಡಿ ಹಾರಿತು. ಕಿಡಿ ಹುಟ್ಟಿಸುವುದೇ ಆ ಕಾಯಿಲ್. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿತ್ತು. ಬಿಸಿಯಾದಾಗ ಬಿರುಕು ಬಾಯಿ ಬಿಡುತ್ತಿತ್ತು, ತಣ್ಣಗಾದಾಗ ಮುಚ್ಚಿಕೊಳ್ಳುತ್ತಿತ್ತು. ರಿಪೇರಿಯವನು ಬೇರೆ ಕಾಯಿಲ್ ಹಾಕಿದ. ಅಂದು ಸಂಜೆಯವರೆಗೆ ಓಡಿಸಿದರೂ ಇಂಜಿನ್ ನಿಲ್ಲಲಿಲ್ಲ.

ಕೆಲವೇ ದಿನಗಳಲ್ಲಿ, ಸುಡುವ ಮಧ್ಯಾಹ್ನ, ಮಗಳಿಗೆ ನೋವು ಬಂತು. ದಡದಲ್ಲಿ ಎರಡು ದೋಣಿಗಳೂ ಇದ್ದವು. ಹೆಂಡತಿ ಕ್ಷಣಹೊತ್ತು ಗಂಡನ ಮುಖ ನೋಡಿದಳು. ಮಗಳನ್ನು ಅವನ ದೋಣಿಗೇ ಹತ್ತಿಸಿದಳು. ಆದರೆ ಪಕ್ಕದ ಮನೆಯವನಿಗೆ, ನೀನೂ ಹಿಂದಿನಿಂದ ಬಾ ಎಂದಳು. ಅಂಬಿಗ ಅದನ್ನು ಕೇಳಿಸಿಕೊಂಡ. ಈ ಸಲ ಅವನಿಗೆ ಬೇಸರವಾಗಲಿಲ್ಲ.

ನಡುಹೊಳೆ ಬಂತು. ಇಂಜಿನ್ ಹದವಾಗಿ ಓಡುತ್ತಿತ್ತು. ಆದರೂ ಅಲ್ಲಿಗೆ ಬರುತ್ತಲೇ ಮಗಳು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ನೋವಿನಿಂದ ಇರಬೇಕು ಎಂದು ಅಂಬಿಗ ತಿರುಗಿ ನೋಡಿದ. ಹೆಂಡತಿಯ ಕೈಯೂ ಅಂಚಿನ ಮೇಲೇ ಇತ್ತು. ಆಗ ಅವನಿಗೆ ಹೊಳೆಯಿತು. ಮೀನಿನ ಹೆಂಗಸು, ಮೇಷ್ಟ್ರು, ಎಲ್ಲರೂ ಈ ಜಾಗಕ್ಕೆ ಬಂದಾಗ ಹೀಗೆಯೇ ಅಂಚು ಹಿಡಿಯುತ್ತಿದ್ದರು, ಇಂಜಿನ್ ನಿಲ್ಲದ ದಿನವೂ. ಇಷ್ಟು ವರ್ಷ ಅವನು ನೋಡಿದ್ದು ಇಂಜಿನ್ನನ್ನು ಮಾತ್ರ. ಅವನ ಕಣ್ಣು ತುಂಬಿ ಬಂತು. ದೋಣಿ ದಡ ಸೇರಿತು, ಹೆರಿಗೆಯೂ ಸುಸೂತ್ರವಾಗಿ ಆಯಿತು.

ಗುರುಗಳು ಕತೆ ನಿಲ್ಲಿಸಿದರು. ಸೇಸಪ್ಪನ ಮುಖ ಅರಳಿತ್ತು.

"ಅರ್ಥವಾಯಿತು ಗುರುಗಳೇ" ಎಂದ. "ಉಪವಾಸವೂ ಅಲ್ಲ, ಜಪವೂ ಅಲ್ಲ. ನನ್ನ ಸಿಟ್ಟು ತಾನಾಗಿಯೇ ಆರುತ್ತಿತ್ತು. ಇನ್ನು ಒಳಗಿನ ಬಿರುಕು ಎಲ್ಲಿದೆಯೆಂದು ಹುಡುಕುತ್ತೇನೆ."

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು: "ಹುಡುಕು ಮಗು, ಆದರೆ ನಿನಗೆ ಸಿಟ್ಟು ಬಾರದ ದಿನವೂ ನಿನ್ನ ಮನೆಯಲ್ಲಿ ಯಾರ್ಯಾರು ಅಂಚು ಹಿಡಿದು ಕೂತಿರುತ್ತಾರೆ, ನೋಡಿದ್ದೀಯಾ?"