ಅರಸನ ನಿಪ್ಪಟ್ಟು, ಅಜ್ಜಿಯ ಬಾಯಿ

ಹೊನ್ನಗುಡ್ಡದ ಅರಸ ಕೆಂಚರಾಯನಿಗೆ ಎರಡರ ಬಗ್ಗೆ ಬಲು ಹೆಮ್ಮೆ. ಒಂದು, ತನ್ನ ಮೂವತ್ತೆರಡು ಹಲ್ಲು. ಇನ್ನೊಂದು, ಊರಿನ ಮುದುಕ ಮುದುಕಿಯರಿಗೆ ತಾನು ಛತ್ರದಲ್ಲಿ ಹಾಕಿಸುತ್ತಿದ್ದ ಮಧ್ಯಾಹ್ನದ ಊಟ.

“ನಾನು ತಿನ್ನುವುದೇ ಅವರಿಗೂ,” ಎಂದು ಸಭೆಯಲ್ಲಿ ಮೀಸೆ ತಿರುವಿದ. “ನಿಪ್ಪಟ್ಟು, ಕೋಡುಬಳೆ, ಹುರಿಗಡಲೆ, ಕಟುಂ ಎನ್ನುವ ರೊಟ್ಟಿ. ಎಲೆಯಲ್ಲಿ ಒಂದು ಚೂರೂ ಉಳಿಯುವುದಿಲ್ಲ. ಇಂಥ ಊಟಕ್ಕೆ ಕೊಂಕು ತೆಗೆದವನಿಗೆ ಗಡೀಪಾರು.”

ಸಭೆಯೆಲ್ಲ ಭಲೆ ಭಲೆ ಎಂದಿತು. ಆಸ್ಥಾನದ ಮಾತಿನ ಮಲ್ಲ ಸೋವಣ್ಣನಿಗೆ ಮಾತ್ರ ಬೋರಜ್ಜಿಯ ನೆನಪಾಯಿತು. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ತೊಂಬತ್ತರ ಮುದುಕಿ, ಬಾಯಲ್ಲಿ ಹಲ್ಲಿನ ಕುರುಹೂ ಇಲ್ಲ. ನಿನ್ನೆ ನೋಡಿದರೆ ಕೈ ಒಣಗಿ ಕಡ್ಡಿಯಾಗಿತ್ತು.

“ಛತ್ರದಲ್ಲಿ ಉಣ್ತೀಯಲ್ಲವ್ವಾ?” ಎಂದು ಕೇಳಿದ್ದ.

ಅಜ್ಜಿ ಸೆರಗಿನ ಗಂಟು ಬಿಚ್ಚಿ ತೋರಿಸಿದ್ದಳು. ನಾಲ್ಕು ನಿಪ್ಪಟ್ಟು, ಇದ್ದ ಹಾಗೇ. ಈಗ ಬಾಯಿಬಿಟ್ಟರೆ ಗಡೀಪಾರು, ಬಿಡದಿದ್ದರೆ ಅಜ್ಜಿ ದೀಪಾವಳಿ ಕಾಣುವುದಿಲ್ಲ.

ಅವನು ಎದ್ದು ಕೈಮುಗಿದ. “ಪ್ರಭು, ಹಾಕಿದವರೇ ಜೊತೆಗೆ ಕೂತು ಉಂಡರೆ ಪುಣ್ಯ ಇಮ್ಮಡಿಯಂತೆ.”

ಪುಣ್ಯ ಅಂದರೆ ಅರಸ ಬಿಡುವವನೇ? ಮಾರನೆಯ ದಿನವೇ ಛತ್ರಕ್ಕೆ ಬಂದು ಬೋರಜ್ಜಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಕಟುಂ, ಪಟುಂ! ಕಣ್ಣುಮುಚ್ಚಿ ತೆಗೆಯುವುದರೊಳಗೆ ಎಲೆ ಖಾಲಿ ಮಾಡಿ ಏಳಲು ಹೋದ.

“ಅಯ್ಯೋ, ಕೂತುಕೊಳ್ಳಿ ಪ್ರಭು,” ಎಂದ ಸೋವಣ್ಣ. “ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯರು ಏಳುವ ಮೊದಲು ಯಾರೂ ಏಳಬಾರದು. ಇದು ನಿಮ್ಮ ಮುತ್ತಾತನ ಕಾಲದ ಕಟ್ಟಳೆ. ಇಲ್ಲಿ ಹಿರಿಯಳು ಬೋರಜ್ಜಿ.”

ಅರಸ ಕೂತ. ಅರಸ ಪಕ್ಕದಲ್ಲಿರುವಾಗ ಸೆರಗಿಗೆ ಗಂಟು ಹಾಕುವುದಾದರೂ ಹೇಗೆ? ಮುದುಕರೆಲ್ಲ ನಿಪ್ಪಟ್ಟನ್ನು ದವಡೆಗೆ ಒತ್ತಿಕೊಂಡು ಶಿವಾ ಎಂದು ಕೂತರು.

ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ಗರಡಿಯಲ್ಲಿ ಪೈಲ್ವಾನರು ಅರಸನಿಗಾಗಿ ಕಾದು ಕಾದು ಮನೆಗೆ ಹೋದರು. ಅರಸನ ಎಡಗಾಲು ಜೋಮು ಹಿಡಿಯಿತು, ಆಮೇಲೆ ಬಲಗಾಲು. ಸೋವಣ್ಣ ಒಳಗೊಳಗೇ ನಗುತ್ತಾ ಬೀಸಣಿಗೆ ಬೀಸುತ್ತಿದ್ದ.

ಕೊನೆಗೆ ಅರಸ ಬಗ್ಗಿ ಕೇಳಿದ. “ಅಜ್ಜೀ, ಇನ್ನು ಎಷ್ಟು ನಿಪ್ಪಟ್ಟು ಉಳಿದಿವೆ?”

“ಮೊದಲನೇದೇ ಬುದ್ಧೀ. ಇನ್ನೂ ನೆನೀತಾ ಐತೆ.”

“ಮತ್ತೆ ದಿನಾ ಎಲೆ ಹೇಗೆ ಖಾಲಿಯಾಗುತ್ತಿತ್ತು?”

ಅಜ್ಜಿ ಸೋವಣ್ಣನ ಮುಖ ನೋಡಿದಳು. ಅವನು ಹೇಳು ಎಂದು ತಲೆಯಾಡಿಸಿದ.

“ಸೆರಗಿಗೆ ಕಟ್ಕೊಂಡು ಹೋಗಿ ಆಡಿಗೆ ಹಾಕ್ತಿದ್ವಿ ಬುದ್ಧೀ. ಅನ್ನ ಕೊಟ್ಟ ದೊರೆಗೆ ಕೊಂಕು ಅನ್ನೋಕಾಗ್ತದಾ?”

“ಮತ್ತೆ ನೀವು?”

“ನೀರು ಕುಡಿದು ಮಲಗ್ತಿದ್ವಿ.”

ಅರಸನ ಮೀಸೆ ಇಳಿಯಿತು. ಆಡುಗಳು ಕೊಬ್ಬುತ್ತಿವೆ, ಮುದುಕರು ಸೊರಗುತ್ತಿದ್ದಾರೆ, ತಾನು ಮಾತ್ರ ಸಭೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದೇನೆ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

“ಗಡೀಪಾರಿನ ಮಾತು ಬಿಡು ಸೋವಣ್ಣ. ಇವರಿಗೆ ಏನು ಹಾಕಬೇಕು ಹೇಳು.”

“ರಾಗಿ ಮುದ್ದೆ, ಬೇಳೆ ಕಟ್ಟಿನ ಸಾರು, ಮೆತ್ತಗೆ ಬೇಯಿಸಿದ ಸೊಪ್ಪು, ಮೇಲೊಂದು ಲೋಟ ಮಜ್ಜಿಗೆ. ಅಡುಗೆಯವರು ಹಿತ್ತಿಲಲ್ಲಿ ಎಸರಿಟ್ಟು ಕಾಯುತ್ತಿದ್ದಾರೆ, ಪ್ರಭು. ಅಪ್ಪಣೆಯೊಂದೇ ಬಾಕಿ.”

“ತಾ, ನನಗೂ ಹಾಕು,” ಎಂದ ಅರಸ. ಕಾದು ಕಾದು ಅವನಿಗೂ ಹಸಿವಾಗಿತ್ತು.

ಹಬೆಯಾಡುವ ಮುದ್ದೆ ಬಂತು. ಮುದುಕರು ಮುರಿದರು, ಸಾರಿನಲ್ಲಿ ಅದ್ದಿದರು, ಗುಳುಂ. ಎಷ್ಟೋ ತಿಂಗಳ ಹಸಿವು! ಬೋರಜ್ಜಿ ಎರಡನೆಯ ಮುದ್ದೆಯನ್ನೂ ಮುಗಿಸಿ, ಮಜ್ಜಿಗೆ ಕುಡಿದು, ತೃಪ್ತಿಯಿಂದ ತೇಗಿದಳು. ಸೋವಣ್ಣನ ಕಣ್ಣು ಒದ್ದೆಯಾಯಿತು.

ಅರಮನೆಯಲ್ಲಿ ಮುದ್ದೆಯನ್ನೇ ಕಾಣದ ಅರಸ ಮಾತ್ರ ಅದನ್ನು ನುಂಗದೆ ಅಗಿಯುತ್ತಿದ್ದ. ಅಗಿದಷ್ಟೂ ಅದು ಮೂವತ್ತೆರಡು ಹಲ್ಲಿಗೂ ಮೆತ್ತಿಕೊಂಡಿತು. ದವಡೆ ಮೇಲೇಳದು, ಮಾತು ಹೊರಡದು. ಪಂಕ್ತಿಯೆಲ್ಲ ಅವನನ್ನೇ ನೋಡುತ್ತಾ ಕೂತಿತು.

ಬೋರಜ್ಜಿ ಅವನ ಬೆನ್ನು ಸವರಿದಳು.

“ನಿಧಾನಕ್ಕೆ ಉಣ್ಣು ಮಗಾ, ನಾವು ಕಾಯ್ತೀವಿ. ಹಲ್ಲಿರೋರಿಗೆ ಊಟ ಸ್ವಲ್ಪ ಕಷ್ಟಾನೇ.”