ಉಡಿಗೆರೆ ನೋಡಿದ ಫಕೀರವ್ವ

ಬಹಳ ಹಿಂದೆ, ಎರೆಮಣ್ಣಿನ ಸೀಮೆಯ ಒಂದೂರಲ್ಲಿ ಫಕೀರವ್ವ ಎಂಬ ಹತ್ತಿ ಬಿಡಿಸುವ ಹೆಂಗಸು ಇದ್ದಳಂತೆ. ಬಿಡಿಸಿದ ಹತ್ತಿಯನ್ನು ಸೀರೆಯ ಉಡಿಯಲ್ಲಿ ತುಂಬಿಕೊಳ್ಳಬೇಕು, ಉಡಿ ಜಾರದಂತೆ ನಡುವಿಗೆ ಗಂಟು ಬಿಗಿಯಬೇಕು. ವರ್ಷಗಟ್ಟಲೆ ಬಿಗಿದು ಬಿಗಿದು ನಡುವಿನ ಸುತ್ತ ಕಪ್ಪು ಗೆರೆ ಬೀಳುತ್ತಿತ್ತು. ಅದಕ್ಕೆ ಉಡಿಗೆರೆ ಅನ್ನುತ್ತಿದ್ದರು. ಗೆರೆ ಕಪ್ಪಾದಷ್ಟೂ ದುಡಿಯುವ ಹೆಣ್ಣು ಎಂಬ ಹೆಸರು. ಮೈ ಸವೆದದ್ದಕ್ಕೆ ಕೊಟ್ಟ ಬಿರುದು ಅದು, ಥೂ!

ಆಕೆಯ ಅಕ್ಕ ಬಾಳವ್ವನ ಗೆರೆಯ ಮೇಲೆ ಒಂದು ಹುಣ್ಣು ಎದ್ದಿತ್ತಂತೆ. ಬಾಳವ್ವ ಅರಿಶಿನ ಮೆತ್ತಿದಳು, ಅದರ ಮೇಲೇ ಗಂಟು ಬಿಗಿದಳು, ಯಾರಿಗೂ ತೋರಿಸಲಿಲ್ಲ. ಹುಣ್ಣು ಮಾಯಲಿಲ್ಲ. ಅಂಚು ದಪ್ಪಗಾಯಿತು, ರಕ್ತ ಜಿನುಗಿತು. ಕಡೆಗೆ ಆ ಹುಣ್ಣಿನಿಂದಲೇ ಆಕೆ ಸತ್ತಾಗ ಹೆಣಕ್ಕೆ ನೀರು ಹಾಕುತ್ತ ಫಕೀರವ್ವ ಅದನ್ನು ಮೊದಲ ಸಲ ಕಂಡಳು. ಅಂಗೈಯಗಲ ಇತ್ತಂತೆ. ಅಳಲಿಲ್ಲ, ಹೆಣವನ್ನೇ ಬೈದಳು ಅಂತಾರೆ: "ಒಂದೇ ಕೌದಿಯಾಗ ಮಲಗಿದ್ವಲ್ಲ ಯಕ್ಕಾ, ನನ್ನ ಮುಂದೂ ನಾಚಿಕಿಯೇನ?"

ಅಂದಿನಿಂದ ಆಕೆ ವಯಸ್ಸಾದ ಹೆಂಗಸರನ್ನು ಹತ್ತಿ ಗುಡ್ಡೆಯ ಮರೆಗೆ ಕರೆದು, ಗಂಟು ಸಡಿಲಿಸಿ ಒಬ್ಬರ ಮೈ ಒಬ್ಬರು ನೋಡಿರಿ ಎಂದು ಗಂಟಲು ಹರಿದುಕೊಂಡಳು. ಮಾಯದ ಹುಣ್ಣು, ಬೆಳೆಯುವ ಗುಳ್ಳೆ, ಬಣ್ಣ ತಿರುಗಿದ ಮಚ್ಚೆ, ಯಾವುದನ್ನೂ ಮುಚ್ಚಿಡಬೇಡಿರಿ ಎಂದಳು. ಯಾರೂ ಗಂಟಿಗೆ ಕೈ ಹಚ್ಚಲಿಲ್ಲ.

"ಮುದುಕಿ ನಡಾ ನೋಡಿ ಏನ್ ಮಾಡ್ತಿ? ನಡಕ್ಕ ಬೆಳ್ಳಿ ಡಾಬು ಮಾಡಿಸ್ತೀಯೇನ?" ಎಂದು ನಕ್ಕವಳು ನೆರೆಮನೆಯ ಸೋಮವ್ವ.

ಫಕೀರವ್ವ ತನ್ನ ಗಂಟನ್ನೇ ಬಿಚ್ಚಿ, ಬೆನ್ನು ತಿರುಗಿಸಿ ನಿಂತಳಂತೆ. ನಗು ನಿಂತಿತು. ಬೆನ್ನ ಕಡೆಯ ಗೆರೆಯ ಮೇಲೆ, ಆಕೆಯ ಕಣ್ಣಿಗೆ ಎಂದೂ ಬೀಳದ ಜಾಗದಲ್ಲಿ, ಹುಣ್ಣಿತ್ತು.

"ಫಕೀರೀ, ನಿನಗೂ ಬಂದೈತಲ್ಲೇ," ಅಂದಳು ಸೋಮವ್ವ.

ಊರಿಗೆಲ್ಲ ಬುದ್ಧಿ ಹೇಳಿದವಳು ಆಗ ಸೀರೆ ಎಳೆದುಕೊಂಡು, ಬಿಸಿಲಿನ ಗುಳ್ಳೆ ಅದು ಅಂದಳಂತೆ. ನೋವೇ ಇಲ್ಲ ಅಂದಳಂತೆ. ಅಕ್ಕನಂತೆ ಸಾಯುವ ದಿಗಿಲು ಆಕೆಗೂ ಇತ್ತು, ತಿಳಿಯುವ ದಿಗಿಲು ಅದಕ್ಕಿಂತ ದೊಡ್ಡದಿತ್ತು. ಸೋಮವ್ವ ಬಿಡಲಿಲ್ಲ. ರಟ್ಟೆ ಹಿಡಿದು ಪಟ್ಟಣದ ದವಾಖಾನೆಗೆ ಎಳೆದೊಯ್ದಳು. ಡಾಕ್ಟರರು ಇದು ಚರ್ಮದ ಕ್ಯಾನ್ಸರ್ ಅಂದು, ಹುಣ್ಣನ್ನು ಬೇರುಸಹಿತ ಕೊಯ್ದು ತೆಗೆದರು. ಫಕೀರವ್ವ ಬದುಕಿದಳು.

ಸೀರೆಯ ಮೇಲಿಂದಲೇ ಆಕೆಗೆ ಬೇರೆಯವರ ಹುಣ್ಣು ಕಾಣುತ್ತಿತ್ತು, ಆಕೆ ಮುಟ್ಟಿದರೆ ಮಾಯುತ್ತಿತ್ತು ಅಂತಲೂ ಹೇಳುತ್ತಾರೆ. ಸುಳ್ಳು. ಆಕೆಗೆ ತನ್ನ ಬೆನ್ನೇ ಕಂಡಿರಲಿಲ್ಲ.

ಇವತ್ತಿಗೂ ಆ ಊರಲ್ಲಿ, ಹೊಲದ ಕೆಲಸವಿಲ್ಲದ ಅಮಾವಾಸ್ಯೆಯ ದಿನ, ತಲೆ ನರೆತ ಹೆಂಗಸು ತನ್ನ ಗಂಟು ತಾನೇ ಕಟ್ಟುವುದಿಲ್ಲ. ನೆರೆಯವಳು ಬಂದು ಹಿಂದೆ ಮುಂದೆ ನೋಡುತ್ತಾಳೆ, ತನ್ನ ಕಣ್ಣಿಗೆ ತಾನೇ ಬೀಳದ ಅಂಗಾಲನ್ನೂ ನೋಡುತ್ತಾಳೆ, ಆಮೇಲೆ ಬೆರಳಾಡುವಷ್ಟು ಸಡಿಲವಾಗಿ ಕಟ್ಟುತ್ತಾಳೆ. ಏನಾದರೂ ಕಂಡರೆ, ದವಾಖಾನೆ ಮುಟ್ಟುವ ತನಕ ಹಿಡಿದ ಕೈ ಬಿಡುವುದೇ ಇಲ್ಲ.